ಯಾವ ದೇಶದ ಮಾಸ್ಟರ್‌ಶೆಫ್ ನೋಡೂದು? ಒಂದು ರೊಟ್ಟಿ ಪರೀಕ್ಷೆ

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ, ಗಾಂಧಿ ಚೌಕದಿಂದ ಹತ್ತು ನಿಮಿಷದ ದಾರಿ. ಮಧ್ಯಾಹ್ನ ಮೂರೂವರೆಗೆ ಕೊನೆಯ ತಾಟು ಎತ್ತಿದ ಮೇಲೆ ಸಂಜೆಯ ಹಿಟ್ಟು ಸಾಣಿಸುವ ತನಕ ಒಂದೂವರೆ ತಾಸು ಕೈ ಖಾಲಿ. ಆ ಹೊತ್ತಿನಲ್ಲಿ ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು ನಾನು ಟೀವಿಯ ಅಡುಗೆ ಸ್ಪರ್ಧೆ ಮಾಸ್ಟರ್‌ಶೆಫ್ ನೋಡುತ್ತೇನೆ. ಹನ್ನೆರಡು ವರ್ಷದ ಚಟ ಇದು. ಬೈದು ಬೈದು ಸಾಕಾದ ಅಣ್ಣ ಈಗ ತಾನೂ ಬಂದು ಪಕ್ಕದಲ್ಲಿ ಕೂಡುತ್ತಾನೆ.

ಹೋದ ತಿಂಗಳು ವೈನಿ ಕೇಳಿದರು: "ಅಲ್ಲೋ ತಮ್ಮಾ, ಹೆಸರು ಒಂದ, ದೇಶಕ್ಕೊಂದು ನಮೂನಿ. ಎಲ್ಲಾ ನೋಡಾಕ ನನಗೆಲ್ಲಿ ಹೊತ್ತೈತಿ? ಛಲೋದು ಒಂದು ಹೇಳು."

ಒಂದು ಹೇಳು ಅಂದರೆ ಕಷ್ಟ. ಈ ಕಾರ್ಯಕ್ರಮ 60ರ ಆಸುಪಾಸು ದೇಶಗಳಲ್ಲಿ ಆಯಾ ನೆಲದ ಭಾಷೆಯಲ್ಲಿ ನಡೆದಿದೆ. ನಾನು ಚೆನ್ನಾಗಿ ನೋಡಿರುವುದು ನಾಲ್ಕು: ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕ, ನಮ್ಮ ಹಿಂದಿ. ಆ ನಾಲ್ಕರದೇ ಲೆಕ್ಕ ಇಲ್ಲಿದೆ. ಹಳೆಯ ಸೀಸನ್‌ಗಳಲ್ಲಿ ಗೆದ್ದವರ ಹೆಸರೂ ನಡುವೆ ಬರುತ್ತವೆ, ಸಿಟ್ಟಾಗಬೇಡಿ. ನಮ್ಮ ವೈನಿಗೆ ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರಬೇಕು. "ಗೊತ್ತಿದ್ರ ಅಡಗಿ ಕಡೆ ಲಕ್ಷ್ಯ ಇರ್ತೈತಿ" ಎನ್ನುತ್ತಾರೆ. ಅದರಲ್ಲೂ ಒಂದು ನ್ಯಾಯ ಇದೆ.

ಇನ್ನು ಅಳತೆಗೋಲು. ಸೆಟ್ಟು ಎಷ್ಟು ದೊಡ್ಡದು, ಬಹುಮಾನ ಎಷ್ಟು ಎಂದು ಅಳೆಯುತ್ತ ಕೂತರೆ ಎಲ್ಲವೂ ಒಂದೇ ಥರ ಕಾಣುತ್ತವೆ. ನಾನು ಎಲ್ಲದಕ್ಕೂ ಒಂದೇ ಪ್ರಶ್ನೆ ಹಾಕುತ್ತೇನೆ: ನಮ್ಮವ್ವ ಅಲ್ಲಿಗೆ ಹೋಗಿ ಬಿಸಿ ಜೋಳದ ರೊಟ್ಟಿ ಬಡಿದು, ಎಣ್ಣಿಗಾಯಿ ಮಾಡಿ, ಪಕ್ಕಕ್ಕೆ ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇಟ್ಟು ಕೊಟ್ಟರೆ ಆ ತೀರ್ಪುಗಾರರು ಏನು ಮಾಡುತ್ತಾರೆ? ತಮಗೆ ಗೊತ್ತಿರುವ ಅಡುಗೆಯನ್ನು ಎಲ್ಲರೂ ಚೆನ್ನಾಗಿಯೇ ತೂಗುತ್ತಾರೆ. ಗೊತ್ತಿಲ್ಲದ ತಾಟು ಮುಂದೆ ಬಂದಾಗ ಒಬ್ಬೊಬ್ಬರ ಬಣ್ಣ ಬಯಲಾಗುತ್ತದೆ.

ಹಿರಿಯಣ್ಣ ಬ್ರಿಟನ್ನಿನದು. ಫ್ರ್ಯಾಂಕ್ ರಾಡಮ್ ಎಂಬ ಸಿನಿಮಾ ನಿರ್ದೇಶಕ ಹುಟ್ಟುಹಾಕಿದ್ದು, 1990ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು. ಮೊದಲ ಹತ್ತು ವರ್ಷ ಲಾಯ್ಡ್ ಗ್ರಾಸ್‌ಮನ್ ನಡೆಸಿಕೊಟ್ಟರು. ಈಗ ನಾವು ಕಾಣುವ ರೂಪ ಬಂದದ್ದು 2005ರಲ್ಲಿ, ಜಾನ್ ಟೊರೋಡ್ ಮತ್ತು ಗ್ರೆಗ್ ವ್ಯಾಲೇಸ್ ತೀರ್ಪುಗಾರರಾದಾಗ. ಇಪ್ಪತ್ತು ವರ್ಷದ ಹತ್ತಿರ ಅವರಿಬ್ಬರದೇ ದರಬಾರು. 2025ರಲ್ಲಿ ಇಬ್ಬರ ದಾರಿಯೂ ಕಾರ್ಯಕ್ರಮದಿಂದ ಬೇರೆಯಾಯಿತು. ಹಾಗಾಗಿ ನಿಮಗೆ ಸಿಗುವ ಹಳೆಯ ಸೀಸನ್‌ಗಳಲ್ಲೆಲ್ಲ ಈ ಜೋಡಿಯೇ ಇರುತ್ತದೆ.

ಇದರ ದೊಡ್ಡ ಗುಣ, ಗೆದ್ದವರಿಗೆ ರೊಕ್ಕ ಇಲ್ಲ. ಒಂದು ಟ್ರೋಫಿ, ಅಷ್ಟೇ. ಅದಕ್ಕೇ ಜನ ಬೇರೆ ಥರ ಇರುತ್ತಾರೆ. ಡಾಕ್ಟರು, ಬ್ಯಾಂಕಿನವರು, ಮನೆಯವರು ಬರುತ್ತಾರೆ, ಬೇಯಿಸುತ್ತಾರೆ, ಸೋತರೆ ಕೈ ಕುಲುಕಿ ಹೊರಡುತ್ತಾರೆ. 2017ರಲ್ಲಿ ಗೆದ್ದ ಸಲೀಹಾ ಮಹಮೂದ್ ಅಹ್ಮದ್ ಕೂಡ ವೈದ್ಯೆಯೇ. ಒಬ್ಬರ ಮೇಲೊಬ್ಬರು ಚಾಡಿ ಹೇಳುವುದಿಲ್ಲ. ನಡುವೆ ಒಂದು ಹೆಣ್ಣುದನಿ, ಇಂಡಿಯಾ ಫಿಶರ್ ಎಂಬ ನಟಿಯದು, ಯಾರು ಏನು ಮಾಡುತ್ತಿದ್ದಾರೆಂದು ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತ ಹೋಗುತ್ತದೆ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುವವರಿಗೆ ಈ ದನಿಯಷ್ಟು ಉಪಕಾರ ಇನ್ನಾವುದೂ ಇಲ್ಲ. ವೈನಿಗೂ ಅದು ಮುಕ್ಕಾಲು ಪಾಲು ತಿಳಿಯಿತು.

ಕೊರತೆಯೂ ಅಲ್ಲಿಯೇ ಇದೆ. ಮೊದಲ ವಾರಗಳಲ್ಲಿ ಪ್ರತಿ ಸುತ್ತಿಗೂ ಹೊಸ ಗುಂಪು ಬರುತ್ತದೆ. ಸೋಮವಾರ ಮೆಚ್ಚಿಕೊಂಡ ಮುಖ ಮತ್ತೆ ಕಾಣುವುದು ಎರಡು ವಾರ ಬಿಟ್ಟು. ನಮ್ಮವ್ವನಂಥವರಿಗೆ ಇದು ಆಗಿಬರುವುದಿಲ್ಲ. "ಆ ಗುಂಗುರು ಕೂದಲಿನ ಹುಡುಗ ಎಲ್ಲಿ ಹೋದ?" ಎಂದು ಕೇಳಿ ಕೇಳಿ ಎದ್ದುಹೋದಳು.

ಇಲ್ಲಿ ರೊಟ್ಟಿ ಪರೀಕ್ಷೆ ಏನಾಗುತ್ತದೆ? ಊಹೆ ಮಾಡಬೇಕಾಗಿಲ್ಲ, ಹೆಚ್ಚುಕಡಿಮೆ ಅದೇ ನಡೆದುಹೋಗಿದೆ. 2018ರಲ್ಲಿ ಮಲೇಷ್ಯಾ ಮೂಲದ ಝಲೇಹಾ ಎಂಬ ಸ್ಪರ್ಧಿ ನಾಸಿ ಲೆಮಾಕ್ (ತೆಂಗಿನ ಹಾಲಿನ ಅನ್ನ) ಜೊತೆಗೆ ಕೋಳಿಯ ರೆಂಡಾಂಗ್ ಮಾಡಿಕೊಟ್ಟರು. ರೆಂಡಾಂಗ್ ಎಂದರೆ ತೆಂಗಿನ ಹಾಲು, ಮಸಾಲೆ ಹಾಕಿ ನಿಧಾನಕ್ಕೆ ಕುದಿಸಿ ಇಂಗಿಸುವ ಅಡುಗೆ. ಮೆತ್ತಗಾಗುವುದೇ ಅದರ ಧರ್ಮ. ವ್ಯಾಲೇಸ್ ತೆಗೆದ ತಕರಾರು, ಕೋಳಿಯ ತೊಗಲು ಗರಿಗರಿ ಆಗಿಲ್ಲ ಎಂದು. ಝಲೇಹಾ ಹೊರಗೆ ಬಿದ್ದರು. ಇಡೀ ಮಲೇಷ್ಯಾ ಎದ್ದು ಕೂತಿತು. ಆಗಿನ ಪ್ರಧಾನಿ ನಜೀಬ್ ರಜಾಕ್ ಕೂಡ ಟ್ವಿಟ್ಟರಿನಲ್ಲಿ ದನಿಗೂಡಿಸಿದರು, ಇಂಡೋನೇಷ್ಯಾದವರೂ ಜೊತೆಯಾದರು. ಟೊರೋಡ್ ಸಮಾಧಾನ ಹೇಳುವ ಬದಲು ರೆಂಡಾಂಗ್ ಇಂಡೋನೇಷ್ಯಾದ್ದೇ ಇರಬಹುದು ಎಂದು ಕಿಡಿ ಹಚ್ಚಿ, ಕೊನೆಗೆ 'ನಮಸ್ತೆ' ಎಂದು ಬರೆದರು. ಮಲೇಷ್ಯಾದವರಿಗೆ ನಮಸ್ತೆ! ಬಿಸಿ ರೊಟ್ಟಿ ಕೈಗೆ ಕೊಟ್ಟರೆ 'ಇದು ಕಟಕ್ ಅನ್ನಲಿಲ್ಲ' ಎನ್ನುವ ಗಿರಾಕಿ ನಮ್ಮಲ್ಲೂ ವರ್ಷಕ್ಕೊಬ್ಬ ಬರುತ್ತಾನೆ. ಖಡಕ್ ರೊಟ್ಟಿ ಬೇರೆ, ಬಿಸಿ ರೊಟ್ಟಿ ಬೇರೆ ಎಂದು ಹೇಳಿ, ಒಂದೊಂದು ಕೊಟ್ಟು ಕಳಿಸುತ್ತೇವೆ. ಅವ್ವನ ರೊಟ್ಟಿ ಬ್ರಿಟನ್ನಿನಲ್ಲಿ ಮೊದಲ ಸುತ್ತೂ ದಾಟುವುದಿಲ್ಲ ಎಂದು ನನ್ನ ಲೆಕ್ಕ.

ಆದರೂ ಬ್ರಿಟನ್ನನ್ನು ಪೂರ್ತಿ ಬಿಡಬೇಡಿ. ಅದಕ್ಕೊಂದು ತಮ್ಮ ಇದ್ದಾನೆ, 2008ರಲ್ಲಿ ಶುರುವಾದ 'ದ ಪ್ರೊಫೆಷನಲ್ಸ್'. ಇದರಲ್ಲಿ ಸ್ಪರ್ಧಿಗಳು ಹೋಟೆಲಿನಲ್ಲಿ ದುಡಿಯುವ ಬಾಣಸಿಗರೇ. ಶುರುವಿಗೆ ಒಂದು ಕೈಚಳಕದ ಪರೀಕ್ಷೆ ಇರುತ್ತದೆ: ಹತ್ತೋ ಹದಿನೈದೋ ಇಪ್ಪತ್ತೋ ನಿಮಿಷ, ಒಂದೇ ಕೆಲಸ. ಮೀನು ಸೀಳುವುದು, ಒಂದು ಸಾಸ್ ಕೂಡಿಸುವುದು, ಅಂಥದ್ದು. ತೀರ್ಪುಗಾರರು ಮೊದಲು ತಾವೇ ಮಾಡಿ ತೋರಿಸುತ್ತಾರೆ. ಆಮೇಲೆ ಸ್ಪರ್ಧಿ ಒಳಗೆ ಬರುತ್ತಾನೆ. ಇಪ್ಪತ್ತು ವರ್ಷ ಒಲೆ ಮುಂದೆ ನಿಂತವನೂ ಅಲ್ಲಿ ಮೊಟ್ಟೆ ಒಡೆಯಲು ತಡವರಿಸುತ್ತಾನೆ. ತೀರ್ಪುಗಾರ್ತಿ ಮೋನಿಕಾ ಗಲೆಟ್ಟಿ ಬಾಯಿ ಬಿಡುವುದಿಲ್ಲ, ಹುಬ್ಬು ಏರಿಸಿ ಕಣ್ಣು ಅಗಲ ಮಾಡುತ್ತಾರೆ. ಸಾಕು. ಖಾನಾವಳಿ ನಡೆಸುವವರು, ಅಡುಗೆ ಕೆಲಸದಲ್ಲಿ ಇರುವವರು ಬ್ರಿಟನ್ನಿನದು ನೋಡುವುದಾದರೆ ಇದನ್ನೇ ನೋಡಿ. ಅಣ್ಣ ಈ ಭಾಗ ಬಂದರೆ ಗಿರಾಕಿ ಕರೆದರೂ ಏಳುವುದಿಲ್ಲ.

ಆಸ್ಟ್ರೇಲಿಯಾ ಶುರುಮಾಡಿದ್ದು 2009ರಲ್ಲಿ, ಬ್ರಿಟನ್ನಿಗಿಂತ ಹತ್ತೊಂಬತ್ತು ವರ್ಷ ತಡವಾಗಿ. ಆದರೆ ಭಾರತದಲ್ಲಿ ಮಾಸ್ಟರ್‌ಶೆಫ್ ಅಂದರೆ ಬಹಳ ಜನಕ್ಕೆ ಇದೇ. ಸ್ಟಾರ್ ವರ್ಲ್ಡ್‌ನಲ್ಲಿ ಬರುತ್ತಿದ್ದಾಗ ಇಂಗ್ಲಿಷ್ ಬಾರದ ಮನೆಗಳಲ್ಲೂ ನೋಡುತ್ತಿದ್ದರು. ಆ ದೇಶದಲ್ಲಂತೂ ಅದರ ಹುಚ್ಚು ಎಷ್ಟಿತ್ತೆಂದರೆ, 2010ರ ಚುನಾವಣೆಯಲ್ಲಿ ಜೂಲಿಯಾ ಗಿಲಾರ್ಡ್ ಮತ್ತು ಟೋನಿ ಅಬಾಟ್ ನಡುವಿನ ಟೀವಿ ಚರ್ಚೆ ಫೈನಲ್ಲಿನ ಹೊತ್ತಿಗೇ ಬಿದ್ದಾಗ ಸರಿದದ್ದು ಚರ್ಚೆ, ಅಡುಗೆ ಅಲ್ಲ. ಆ ರಾತ್ರಿ ಗೆದ್ದವರು ಆಡಮ್ ಲಿಯಾವ್.

ಇದರ ಗುಣ ಏನೆಂದರೆ ಇಪ್ಪತ್ತು–ಇಪ್ಪತ್ನಾಲ್ಕು ಜನ ಒಟ್ಟಿಗೆ ಬರುತ್ತಾರೆ, ಒಬ್ಬೊಬ್ಬರಾಗಿ ಕಮ್ಮಿಯಾಗುತ್ತಾರೆ. ಸೀಸನ್ನಿಗೆ 60ರ ಹತ್ತಿರ ಕಂತು. ತಿಂಗಳುಗಟ್ಟಲೆ ಅದೇ ಮುಖಗಳು, ಆದ್ದರಿಂದ ಒಬ್ಬರ ಕೈ ಹೇಗೆ ಪಳಗುತ್ತ ಬಂತು ಎಂಬುದು ನಿಮ್ಮ ಕಣ್ಣೆದುರೇ ನಡೆಯುತ್ತದೆ. ಮೊದಲ ವಾರ ಅನ್ನ ಹಸಿ ಇಟ್ಟವರು ಹತ್ತನೇ ವಾರ ಮೂರು ತಾಸಿನ ಸಿಹಿತಿನಿಸು ಕಟ್ಟುತ್ತಾರೆ. ಪಕ್ಕದವನ ಸಾಸ್ ಕೆಟ್ಟರೆ ತನ್ನದು ಬಿಟ್ಟು ಓಡಿಬಂದು ಕೈಜೋಡಿಸುತ್ತಾರೆ. ನಮ್ಮಲ್ಲಿ ಶ್ರಾವಣ ಸೋಮವಾರ ಗದ್ದಲ ಎದ್ದಾಗ ಪಕ್ಕದ ಅಂಗಡಿಯವರು ಬಂದು ತಾಟು ಎತ್ತುವ ಥರ.

ರೊಟ್ಟಿ ಪರೀಕ್ಷೆಗೆ ಇಲ್ಲಿಯೂ ಸಾಕ್ಷಿ ಇದೆ, 2021ರ ಸೀಸನ್ನಿನಲ್ಲಿ. ಕಿಶ್ವರ್ ಚೌಧುರಿ, ಬಾಂಗ್ಲಾ ಮೂಲದ ಮೆಲ್ಬರ್ನಿನ ಹೆಣ್ಣುಮಗಳು. ಸೀಸನ್ನಿನುದ್ದಕ್ಕೂ ಬಂಗಾಳಿ ಮನೆಯಡುಗೆಯನ್ನೇ ಮಾಡಿದರು. ಫೈನಲ್ಲಿಗೆ ಬಂದಾಗ ಮಾಡಿದ್ದು ಪಾಂತಾ ಭಾತ್: ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಮುಂಜಾನೆ ಉಣ್ಣುವ ಬಡವರ ಊಟ. ಜೊತೆಗೆ ಹಿಚುಕಿದ ಆಲೂಗಡ್ಡೆಯ ಭರ್ತಾ, ಹುರಿದ ಮೀನು. ಲಕ್ಷಗಟ್ಟಲೆ ಡಾಲರ್ ಕಣದಲ್ಲಿ ಇರುವ ರಾತ್ರಿ ತಂಗಳನ್ನ! ತೀರ್ಪುಗಾರರು, ಆಗ ಜಾಕ್ ಝೊನ್‌ಫ್ರಿಲ್ಲೊ, ಮೆಲಿಸಾ ಲಿಯೊಂಗ್, ಆಂಡಿ ಅಲೆನ್, ಅದನ್ನು ಉಂಡರು, ಇದು ಯಾಕೆ ಹೀಗೆ ಎಂದು ಕೇಳಿ ತಿಳಿದರು, ಮೆಚ್ಚಿದರು. ಕಿಶ್ವರ್ ಬಂದದ್ದು ಮೂರನೆಯ ಸ್ಥಾನ, ಗೆದ್ದದ್ದು ಜಸ್ಟಿನ್ ನಾರಾಯಣ್, ಫಿಜಿ ಮತ್ತು ಭಾರತದ ಬೇರಿನವರು. ಆದರೆ ನಮ್ಮ ಮನೆಯಲ್ಲಿ ಗೆದ್ದದ್ದು ಕಿಶ್ವರ್. ಉಳಿದ ಜೋಳದ ನುಚ್ಚಿಗೆ ಮಜ್ಜಿಗೆ ಸುರಿದು, ಉಳ್ಳಾಗಡ್ಡಿ ಕಚ್ಚಿಕೊಂಡು ಹೊಲಕ್ಕೆ ಹೋಗುವ ಮಂದಿ ನಮ್ಮಲ್ಲಿಲ್ಲವೇ? ಅದನ್ನು ಗಾಜಿನ ಬಟ್ಟಲಲ್ಲಿ ಇಟ್ಟು ಯಾರ ಮುಂದೂ ನಾಚದೆ ನಿಲ್ಲಬಹುದು ಎಂದು ಆ ಕಂತು ನೋಡುವ ತನಕ ನಮಗೆ ಹೊಳೆದಿರಲಿಲ್ಲ. ಅವ್ವನ ರೊಟ್ಟಿ ಇಲ್ಲಿ ಪಾಸು.

ಅಂದಮಾತ್ರಕ್ಕೆ ಕಣ್ಣು ಮುಚ್ಚಿ ಹೊಗಳುವುದೂ ಬೇಡ. ಕಂತು ಉದ್ದ, ಜಾಹೀರಾತಿಗೆ ಮೊದಲು ತೋರಿಸಿದ್ದನ್ನೇ ಆಮೇಲೆ ಮತ್ತೆ ತೋರಿಸುತ್ತಾರೆ. ದನ, ಹಂದಿ, ಒಮ್ಮೊಮ್ಮೆ ಕಾಂಗರೂ. ನಮ್ಮಂಥ ಶಾಕಾಹಾರಿ ಮನೆಯಲ್ಲಿ ಹಿರಿಯರು ಮಗ್ಗುಲಲ್ಲಿ ಕೂತಿದ್ದರೆ ಮುಜುಗರ. ಸಿಹಿತಿನಿಸಿನ ವಾರಗಳಲ್ಲಿ ಮಾತ್ರ ಅವ್ವ ನಿಶ್ಚಿಂತೆಯಿಂದ ನೋಡುತ್ತಾಳೆ. ಇನ್ನೊಂದು ದೂರು ನನ್ನದೇ: ಮೊದಲ ಸೀಸನ್ನುಗಳಲ್ಲಿ ಮನೆ ಅಡುಗೆ ಹೆಚ್ಚಿತ್ತು, ಮೊದಲ ವರ್ಷ ಗೆದ್ದ ಜೂಲಿ ಗುಡ್‌ವಿನ್ ಹಾಗೇ ಬೇಯಿಸುತ್ತಿದ್ದರು. ಬರಬರುತ್ತ ಚಿಮಟದಲ್ಲಿ ಹೂವಿನ ಪಕಳೆ ಇಡುವ ಆಟ ಹೆಚ್ಚಾಯಿತು.

ಸೀಸನ್ ಆರಿಸುವಾಗ ಸ್ವಲ್ಪ ಎಚ್ಚರ ಇರಲಿ. 2019ರ ತನಕ ಗ್ಯಾರಿ ಮೆಹಿಗನ್, ಜಾರ್ಜ್ ಕಲೊಂಬಾರಿಸ್, ಮ್ಯಾಟ್ ಪ್ರೆಸ್ಟನ್ ಮೂವರು, 2020ರಿಂದ ಹೊಸಬರು. ತಮಾಷೆ ಬೇಕಾದವರಿಗೆ ಹಳಬರು, ಊಟದ ಬಗ್ಗೆ ತೂಕದ ಮಾತು ಬೇಕಾದವರಿಗೆ 2020, 2021. 2018ರದ್ದು ಸಶಿ ಚೆಲ್ಲಯ್ಯ ಗೆದ್ದ ವರ್ಷ. ಸಿಂಗಪುರದಲ್ಲಿ ಹುಟ್ಟಿದ ತಮಿಳು ಮೂಲದವರು, ಜೈಲಿನ ಅಧಿಕಾರಿ. ಫೈನಲ್ಲಿನಲ್ಲಿ 100ಕ್ಕೆ 93 ಅಂಕ. ಸಾಂಬಾರ ಪದಾರ್ಥ ಕೈಯಲ್ಲಿ ಹಿಡಿಯುವ ರೀತಿ ನೋಡಿದರೇ ತಿಳಿಯುತ್ತದೆ, ಅದು ನಮ್ಮ ಕಡೆಯ ಕೈ. 2023ರದ್ದನ್ನು ಮೊದಲಿಗೇ ಹಚ್ಚಬೇಡಿ. ಆ ಸೀಸನ್ ಪ್ರಸಾರಕ್ಕೆ ಬರುವ ಹೊಸ್ತಿಲಲ್ಲೇ ಝೊನ್‌ಫ್ರಿಲ್ಲೊ ತೀರಿಕೊಂಡರು. ತೆರೆಯ ಮೇಲೆ ಅವರು ನಗುತ್ತಿದ್ದರೆ ಗೊತ್ತಿದ್ದ ನಮಗೆ ಗಂಟಲು ಕಟ್ಟುತ್ತದೆ. ಮೊದಲು ಅವರ ಹಿಂದಿನ ಸೀಸನ್ನು ನೋಡಿ ಪರಿಚಯ ಮಾಡಿಕೊಂಡು ಆಮೇಲೆ ಅದಕ್ಕೆ ಬನ್ನಿ.

ಅಮೆರಿಕದ್ದು ಬೇಗ ಮುಗಿಸುತ್ತೇನೆ. 2010ರಿಂದ ಫಾಕ್ಸ್ ವಾಹಿನಿಯಲ್ಲಿ, ಗೋರ್ಡನ್ ರ‍್ಯಾಮ್ಸೆ ಯಜಮಾನಿಕೆ, ಗೆದ್ದವರಿಗೆ 2,50,000 ಡಾಲರ್. ಕಂತು ಚಿಕ್ಕದು, ಓಟ ಜೋರು, ಸ್ಪರ್ಧಿಗಳು ಕ್ಯಾಮೆರಾಕ್ಕೆ ಒಬ್ಬರ ಮೇಲೊಬ್ಬರು ಹಲ್ಲು ಮಸೆಯುತ್ತಾರೆ. ಹಳೆಯ ಸೀಸನ್ನುಗಳಲ್ಲಿ ಜೋ ಬ್ಯಾಸ್ಟಿಯಾನಿಚ್ ಎಂಬ ತೀರ್ಪುಗಾರರು ಮೆಚ್ಚದ ಊಟವನ್ನು ತಟ್ಟೆ ಸಮೇತ ಕಸದ ಬುಟ್ಟಿಗೆ ಹಾಕುತ್ತಿದ್ದರು. ಅದನ್ನು ಒಮ್ಮೆ ನಮ್ಮವ್ವ ನೋಡಿದಳು. "ಉಣ್ಣೂದನ್ನ ಹಿಂಗ ಒಗೀತಾರೇನು? ಬಂದ್ ಮಾಡು ಅದನ್ನ" ಎಂದಳು. ಅಲ್ಲಿಗೆ ನಮ್ಮ ಮನೆಯಲ್ಲಿ ಅಮೆರಿಕದ ಕತೆ ಮುಗಿಯಿತು. ರೊಟ್ಟಿ ಪರೀಕ್ಷೆಯ ಮಾತೇ ಬರಲಿಲ್ಲ.

ಆದರೆ ಅವ್ವ ಮಲಗಿದ ಮೇಲೆ ನಾನು ಮತ್ತೆ ಮತ್ತೆ ನೋಡುವ ಸೀಸನ್ ಒಂದಿದೆ, 2012ರದ್ದು. ಕ್ರಿಸ್ಟೀನ್ ಹಾ, ವಿಯೆಟ್ನಾಮಿ ಮೂಲದವರು, ದೃಷ್ಟಿ ಕಳೆದುಕೊಂಡವರು. ಒಮ್ಮೆ ಸೇಬಿನ ಪೈ ಮಾಡಿದರು, ಕೆಟ್ಟಿತೆಂದೇ ಅವರಿಗೆ ನಂಬಿಕೆ, ಅಳುತ್ತ ನಿಂತಿದ್ದರು. ರ‍್ಯಾಮ್ಸೆ ಚಾಕುವಿನಿಂದ ಪೈನ ಮೇಲುಪದರ ಕೆರೆದು ಆ ಸದ್ದನ್ನು ಅವರಿಗೆ ಕೇಳಿಸಿದರು. ಕರಕರ ಸದ್ದು ಕೇಳಿದ ಮೇಲೆ ಆ ಮುಖ ಅರಳಿದ್ದನ್ನು ನೋಡಬೇಕು. ನಮ್ಮಲ್ಲೂ ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ಅವ್ವ ಹಂಚಿನ ಕಡೆ ತಿರುಗದೆಯೇ ಹೇಳುತ್ತಾಳೆ. ಹಾ ಆ ವರ್ಷ ಗೆದ್ದರು. ಅಮೆರಿಕದ್ದು ನೋಡಲೇಬೇಕು ಎನ್ನುವವರು ಅದೊಂದು ನೋಡಿ ಬಿಡಿ.

ಕೊನೆಗೆ ನಮ್ಮ ಹಿಂದಿಯದು. ವಿಜಯಪುರದವರಿಗೆ ಹಿಂದಿ ತೊಡಕಲ್ಲ. ಮಾರ್ಕೆಟ್ಟಿನಲ್ಲಿ ಅರ್ಧ ವ್ಯಾಪಾರ ದಖನಿಯಲ್ಲೇ ನಡೆಯುತ್ತದೆ. ಭಾಷೆಯ ಲೆಕ್ಕ ಒಂದನ್ನೇ ಹಿಡಿದರೆ ವೈನಿಗೆ ಇದೇ ಸರಿ. 2010ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಅಕ್ಷಯ್ ಕುಮಾರ್ ಜೊತೆ ಶುರುವಾಯಿತು. ಮೊದಲು ಗೆದ್ದವರು ಲಖನೌದ ಶಿಕ್ಷಕಿ ಪಂಕಜ್ ಭದೌರಿಯಾ. 2015ರ ಸೀಸನ್ನು ಪೂರ್ತಿ ಶಾಕಾಹಾರಿ. ಉಳಿದವರು ಎಷ್ಟೇ ಗೇಲಿ ಮಾಡಲಿ, ಅವ್ವ ಒಂದು ಕಂತೂ ಬಿಡದೆ ನೋಡಿದ್ದು ಅದೊಂದೇ. ಅದರ ಮುಂದಿನದ್ದರಲ್ಲಿ ನನಗೆ ಇಷ್ಟವಾದದ್ದು 2023ರಲ್ಲಿ ಸೋನಿ ಲಿವ್‌ನಲ್ಲಿ ಬಂದದ್ದು. ಗೆದ್ದವನು ಮಂಗಳೂರಿನ ಮೊಹಮ್ಮದ್ ಆಶಿಕ್, ಜ್ಯೂಸಿನ ಅಂಗಡಿ ನಡೆಸುತ್ತಿದ್ದ ಹುಡುಗ. ಗಿರಾಕಿಯ ಎದುರು ನಿಂತು ದುಡಿದವನ ಚುರುಕು ಅವನ ಕೈಯಲ್ಲಿ ಎದ್ದು ಕಾಣುತ್ತದೆ.

ಅಳು ಜಾಸ್ತಿ. ಒಂದು ತುತ್ತು ಬಾಯಿಗೆ ಹೋಗುವುದನ್ನು ಮೂರು ಸಲ ನಿಧಾನಗತಿಯಲ್ಲಿ ತೋರಿಸಿ, ಮೂರು ಸಲ ಢಂ ಎನಿಸುತ್ತಾರೆ. ಆ ಹೊತ್ತಿಗೆ ನಾನು ಬೆಳ್ಳುಳ್ಳಿ ಸುಲಿದು ಮುಗಿಸುತ್ತೇನೆ.

ರೊಟ್ಟಿಯ ವಿಷಯಕ್ಕೆ ಬಂದರೆ ನಮ್ಮವರ ಮೇಲೆ ನನಗೆ ಬೇರೆಯವರಿಗಿಂತ ಹೆಚ್ಚು ಸಿಟ್ಟಿದೆ. ಅವ್ವನ ತಾಟು ನೋಡಿ ತೀರ್ಪುಗಾರ ವಿಕಾಸ್ ಖನ್ನಾ ಕೈ ಮುಗಿಯಬಹುದು, ಕಣ್ಣಲ್ಲಿ ನೀರೂ ಬರಬಹುದು, ಸುಳ್ಳಲ್ಲ. ಆದರೆ ಮುಂದಿನ ಸುತ್ತಿಗೆ ಬಾ ಎನ್ನುವಾಗ ಏನೋ ಹೊಸತು ಮಾಡಿಕೊಂಡು ಬಾ ಎನ್ನುತ್ತಾರೆ. ರೊಟ್ಟಿಯನ್ನು ಟ್ಯಾಕೊ ಥರ ಮಡಚು, ಎಣ್ಣಿಗಾಯಿಯನ್ನು ಅರೆದು ತಟ್ಟೆಯ ಮೇಲೆ ಚಂದ್ರಾಕಾರ ಎಳೆ, ಶೇಂಗಾ ಹಿಂಡಿಯನ್ನು ಮಣ್ಣಿನಂತೆ ಉದುರಿಸು. ಮನೆಯ ಊಟಕ್ಕೆ ಬೇರೆಯವರ ಅಂಗಿ ತೊಡಿಸದೆ ಮುಂದಕ್ಕೆ ಬಿಡುವುದಿಲ್ಲ. ಪಾಸು ಅನ್ನಲೂ ಮನಸ್ಸಿಲ್ಲ, ಫೇಲು ಅನ್ನಲೂ ಬಾಯಿ ಬರುವುದಿಲ್ಲ.

ಮಕ್ಕಳ ಮಾಸ್ಟರ್‌ಶೆಫ್ ಎಲ್ಲ ಕಡೆ ಚೆನ್ನ. ಅಮೆರಿಕದ್ದೂ ಚೆನ್ನ, ಅಲ್ಲಿ ರ‍್ಯಾಮ್ಸೆ ಕೂಡ ಮೆತ್ತಗಾಗುತ್ತಾರೆ. ಮನೆಯಲ್ಲಿ ಎಂಟು ಹತ್ತು ವರ್ಷದ ಮಕ್ಕಳಿದ್ದರೆ ಮತ್ತೇನೂ ಯೋಚಿಸದೆ ಅದನ್ನೇ ಹಚ್ಚಿ.

ಇಷ್ಟು ಬರೆದು ವೈನಿಗೆ ಓದಿ ಹೇಳಿದೆ. "ಸಾರ ಹೇಳ" ಎಂದರು. ಹೇಳಿದೆ: "ವೈನಿ, ಮೂರು ತಿಂಗಳು ಸಾವಕಾಶ ನೋಡ್ತೀನಿ ಅಂದ್ರ ಆಸ್ಟ್ರೇಲಿಯಾದ 2021ರದ್ದು ಹಚ್ರಿ. ಅವ್ವನ್ನೂ ಕೂಡ್ಸಿಕೊಳ್ಳೂದಾದ್ರ ಹಿಂದಿಯ 2015. ಇಂಗ್ಲಿಷೂ ಬೇಕು, ದಿನಾ ಅರ್ಧ ತಾಸೂ ಸಾಕು ಅಂದ್ರ ಬ್ರಿಟನ್ ನೋಡ್ರಿ."

ಅವರು ಮೂರನ್ನೂ ಬಿಟ್ಟು ಅಣ್ಣನ ಪಾಲಿಗೆ ಸೇರಿದರು. ಈಗ ದಿನಾ ನಾಲ್ಕು ಗಂಟೆಗೆ ಗಂಡ ಹೆಂಡತಿ ಕೂತು 'ಪ್ರೊಫೆಷನಲ್ಸ್'ನ ಕೈಚಳಕದ ಸುತ್ತನ್ನು ಮಾತ್ರ ನೋಡುತ್ತಾರೆ, ಉಳಿದದ್ದನ್ನು ಓಡಿಸುತ್ತಾರೆ. ನೋಡಿ ಸುಮ್ಮನೆ ಕೂಡುವವರಾದರೆ ಆಗುತ್ತಿತ್ತು. ಹೋದ ಗುರುವಾರ ವೈನಿ ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ ಇಟ್ಟು, ಹಿಟ್ಟಿನ ಬುಟ್ಟಿಯನ್ನು ನನ್ನ ಮುಂದಕ್ಕೆ ಸರಿಸಿದರು. "ಭಾಳ ಬರೀತಿ, ಒಂದು ರೊಟ್ಟಿ ಬಡಿ ನೋಡೂಣು." ಎಸರು ಹಾಕಿದೆ, ನಾದಿದೆ, ಬಡಿಯುತ್ತ ಹೋದೆ. ಅಂಗೈಯಗಲ ಆಗುವ ತನಕ ಎಲ್ಲ ಸರಿ ಇತ್ತು. ಆಮೇಲೆ ಅಂಚು ಸೀಳಿತು, ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ. ಎತ್ತಿ ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಅಣ್ಣ ನಕ್ಕ. ವೈನಿ ನಗಲಿಲ್ಲ. ಹುಬ್ಬು ಏರಿಸಿ ಕಣ್ಣು ಅಗಲ ಮಾಡಿ, ಏನೂ ಮಾತಾಡದೆ, ಆ ಎರಡೂ ತುಂಡನ್ನು ನನ್ನ ತಾಟಿಗೇ ಹಾಕಿದರು.